ಬಮುಮ್ ಲಿಪಿ: ಬಳಕೆ ತಪ್ಪಿದ ಅಕ್ಷರಗಳಿಗೂ ಯೂನಿಕೋಡಿನಲ್ಲಿ ಸ್ಥಾನ

ಆಫ್ರಿಕಾದ ಲಿಪಿ ಎಂದೊಡನೆ ನಮಗೆ ನೆನಪಾಗುವುದು ಈಜಿಪ್ಟಿನ ಚಿತ್ರಲಿಪಿ. ಕ್ಯಾಮರೂನ್ ದೇಶದ ಫುಂಬಾನ್ ಅರಮನೆಯಲ್ಲಿ ಜನ್ಮತಳೆದ ಬಮುಮ್ ಲಿಪಿ ಅಷ್ಟು ಪ್ರಾಚೀನವಲ್ಲ. ಅದನ್ನು ರೂಪಿಸಿದವನ ಹೆಸರೂ ತಿಳಿದಿದೆ. ಬಮುಮ್ ರಾಜ್ಯದ ದೊರೆ ಇಬ್ರಾಹಿಂ ಎನ್ಜೋಯಾ 1896ರ ಸುಮಾರಿಗೆ ಪ್ರಜೆಗಳಿಂದ ಚಿಹ್ನೆಗಳನ್ನು ಬರೆಯಿಸಿ ತರಿಸಿಕೊಂಡು, ಅವುಗಳಿಂದ ಲಿಪಿಯೊಂದನ್ನು ಕಟ್ಟಿದನು. ಮೊದಲ ಹಂತದಲ್ಲಿ ಸುಮಾರು ಐನೂರು ಚಿಹ್ನೆಗಳಿದ್ದವು. ದೊರೆಗೆ ತೃಪ್ತಿಯಾಗಲಿಲ್ಲ. ಮತ್ತೆ ಮತ್ತೆ ತಿದ್ದಿ, 1910ರ ವೇಳೆಗೆ ಉಚ್ಚಾರಾಂಶಗಳನ್ನು ಸೂಚಿಸುವ ಸುಮಾರು 80 ಅಕ್ಷರಗಳಿಗೆ ಅದನ್ನು ಇಳಿಸಿದನು. ಚಿತ್ರದಿಂದ ಅಕ್ಷರದವರೆಗಿನ ದೀರ್ಘ ಪಯಣವು ಹದಿನೈದು ವರ್ಷಗಳೊಳಗೆ ಮುಗಿಯಿತೆಂಬುದು ಸೋಜಿಗವೇ ಸರಿ.

ಮೊದಲ ಮಹಾಯುದ್ಧದ ಬಳಿಕ ಬಂದ ಫ್ರೆಂಚ್ ಆಡಳಿತವು ಈ ಲಿಪಿಯ ಶಾಲೆಗಳನ್ನು ಮುಚ್ಚಿಸಿತು. 1931ರಲ್ಲಿ ದೊರೆಯನ್ನು ಯೌಂಡೆಗೆ ಗಡೀಪಾರು ಮಾಡಿತು. 1933ರಲ್ಲಿ ಆತ ತೀರಿಕೊಂಡನು. ಉಳಿದವು ಸಾವಿರಾರು ಕೈಬರಹದ ದಾಖಲೆಗಳು, ಅವನ್ನು ಓದಬಲ್ಲ ಕೆಲವೇ ಮಂದಿ.

2009ರಲ್ಲಿ ಯೂನಿಕೋಡಿನ 5.2ನೆಯ ಆವೃತ್ತಿಯು ಈ ಲಿಪಿಯ ಆಧುನಿಕ ರೂಪಕ್ಕೆ 88 ಸಂಕೇತಗಳನ್ನು ನೀಡಿತು: 80 ಅಕ್ಷರ, ಎರಡು ಸಂಯೋಜಕ ಚಿಹ್ನೆ, ಆರು ವಿರಾಮಚಿಹ್ನೆ. ಅಕ್ಷರಗಳಲ್ಲಿ ಕೊನೆಯ ಹತ್ತು ಅಂಕೆಗಳಾಗಿಯೂ ಬಳಕೆಯಾಗುತ್ತವೆ. ಮರುವರ್ಷ 6.0ನೆಯ ಆವೃತ್ತಿಯಲ್ಲಿ, ದೊರೆ ಕೈಬಿಟ್ಟಿದ್ದ ಹಳೆಯ ಆರು ಹಂತಗಳ 569 ಚಿಹ್ನೆಗಳೂ ಸೇರಿದವು.

ಯಾರೂ ಬರೆಯದ ಚಿಹ್ನೆಗಳಿಗೆ ಸ್ಥಾನವೇಕೆ ಎಂದು ಓದುಗರು ಕೇಳಬಹುದು. 1900ರ ಹಾಳೆಯೊಂದನ್ನು ಇಂದಿನ ಅಕ್ಷರಗಳಲ್ಲಿ ನಕಲಿಸಿದರೆ ಅದರ ಕಾಲವನ್ನು ಸಾರುವ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಛಾಯಾಚಿತ್ರ ತೆಗೆದಿಟ್ಟರೆ ಹಾಳೆ ಉಳಿದೀತು, ಆದರೆ ಅದರೊಳಗಿನ ಪದವನ್ನು ಗಣಕಯಂತ್ರ ಹುಡುಕಿಕೊಡಲಾರದು.

ಈ ಚಿಹ್ನೆಗಳನ್ನು ಜೋಡಿಸಿದ ಕ್ರಮ ಗಮನಾರ್ಹ. ಒಂದೇ ಚಿಹ್ನೆ ಹಲವು ಹಂತಗಳಲ್ಲಿ ಬಳಕೆಯಲ್ಲಿದ್ದರೂ ಅದಕ್ಕೆ ಒಂದೇ ಸಂಕೇತ. ಅದು ಕೊನೆಯದಾಗಿ ಕಾಣಿಸಿಕೊಂಡ ಹಂತದ ಗುಂಪಿನಲ್ಲಿ ಅದರ ಸ್ಥಾನ. ಮೊದಲ ಹಂತದಲ್ಲಿ ಹುಟ್ಟಿ ಮೂರನೆಯದರವರೆಗೆ ಬಾಳಿದ ಚಿಹ್ನೆಯನ್ನು ಮೂರನೆಯ ಗುಂಪಿನಲ್ಲಿಯೇ ಹುಡುಕಬೇಕು. ಹೀಗಾಗಿ ಮೊದಲ ಗುಂಪಿನ ಪಟ್ಟಿಯನ್ನೇ ಎನ್ಜೋಯಾನ ಮೊದಲ ಲಿಪಿ ಎಂದು ಭಾವಿಸುವಂತಿಲ್ಲ. ಅದು ಆ ಹಂತದಲ್ಲಿಯೇ ಅಳಿದವುಗಳ ಪಟ್ಟಿ. ಹೊಸಬರಿಗೆ ಇದು ತೊಡಕೆನಿಸಿದರೂ, ಒಂದೇ ಚಿಹ್ನೆಗೆ ಹಲವು ಸಂಕೇತಗಳಾಗಿ ಹುಡುಕಾಟ ಕೆಡುವುದಕ್ಕಿಂತ ಇದೇ ಲೇಸೆಂಬುದು ನಮ್ಮ ಅಭಿಪ್ರಾಯ.

ಯೂನಿಕೋಡಿನಲ್ಲಿ ಒಮ್ಮೆ ಕೊಟ್ಟ ಸಂಕೇತವನ್ನಾಗಲಿ ಹೆಸರನ್ನಾಗಲಿ ಬದಲಿಸುವಂತಿಲ್ಲ. ಪೂರ್ವಪರಿಶೀಲನೆ ಅಗತ್ಯವಾಗುವುದು ಅದಕ್ಕೇ. ಹಳಗನ್ನಡದ ‘ೞ’ ಅಕ್ಷರಕ್ಕೂ ಅಲ್ಲಿ ಸ್ಥಾನವಿದೆ. ಆದರೆ ಪ್ರಮಾದದಿಂದ ಅದರ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫ’ ಎಂದು ದಾಖಲಾಯಿತು. ತಪ್ಪೆಂಬ ಟಿಪ್ಪಣಿಯನ್ನು ಪಕ್ಕದಲ್ಲಿ ಸೇರಿಸಲಾಗಿದೆ. ಹೆಸರು ಇಂದಿಗೂ ಹಾಗೆಯೇ ಇದೆ.