ನರೆತ ತಲೆ: ಮರೆಸುವುದೋ, ಮೆರೆಸುವುದೋ?

ಕೂದಲು ಬೆಳ್ಳಗಾಗುವುದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು 'ನರೆ'. ಬಸವಣ್ಣನವರ ಬಹು ಪ್ರಸಿದ್ಧವಾದ ವಚನವೊಂದು ಈ ಮಾತಿನಿಂದಲೇ ತೊಡಗುತ್ತದೆ. ಮುಪ್ಪು ಬಂದು ಮೈ ಸೋಲುವ ಮೊದಲೇ ದೇವರನ್ನು ನೆನೆಯಬೇಕೆಂಬುದು ಅದರ ತಾತ್ಪರ್ಯ. ಆದರೆ ಇಂದು ನಮ್ಮ ಸಂಘದ ಸಮಾರಂಭಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಕಿವಿಗೆ ಬೀಳುವ ಮಾತೇ ಬೇರೆ. "ಯಾವ ಡೈ ಹಚ್ಚುತ್ತೀರಿ?" ಎಂದು ಒಬ್ಬರು ಕೇಳಿದರೆ, "ಹಚ್ಚುವುದನ್ನೇ ಬಿಟ್ಟುಬಿಡಲೇ ಎಂದು ಯೋಚಿಸುತ್ತಿದ್ದೇನೆ" ಎಂದು ಇನ್ನೊಬ್ಬರು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಇದು ಬರಿಯ ಸಿಂಗಾರದ ಮಾತಲ್ಲ. ಇದರ ಹಿಂದೆ ಎರಡು ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವಿದೆ, ಅನ್ನದ ಪ್ರಶ್ನೆಯೂ ಇದೆ. ರಸಾಯನಶಾಸ್ತ್ರ ನಮ್ಮ ಕಸುಬಾದ್ದರಿಂದ, ಆ ಇತಿಹಾಸದ ಜೊತೆಗೆ ಡಬ್ಬಿಯೊಳಗಿನ ಸಂಗತಿಯನ್ನೂ ನಾಲ್ಕು ಮಾತಿನಲ್ಲಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಹಳೆಯ ಕಥೆಗಳನ್ನು ನೋಡೋಣ. ಬೌದ್ಧರ ಜಾತಕ ಕಥೆಗಳಲ್ಲಿ ಮಿಥಿಲೆಯ ಮಖಾದೇವನೆಂಬ ಅರಸನ ಪ್ರಸಂಗವಿದೆ. ತಲೆಯಲ್ಲಿ ಬಿಳಿಗೂದಲು ಕಂಡ ದಿನ ತಿಳಿಸಬೇಕೆಂದು ಅವನು ತನ್ನ ಕ್ಷೌರಿಕನಿಗೆ ಅಪ್ಪಣೆ ಮಾಡಿದ್ದ. ಆ ದಿನ ಬಂದಾಗ ಕ್ಷೌರಿಕ ಕೂದಲನ್ನು ಕಿತ್ತು ಅರಸನ ಅಂಗೈಯಲ್ಲಿಟ್ಟ. ಅರಸ ಅವನಿಗೆ ಒಂದು ಗ್ರಾಮವನ್ನೇ ಬಹುಮಾನವಾಗಿ ಕೊಟ್ಟು, ಮಗನಿಗೆ ರಾಜ್ಯವನ್ನೊಪ್ಪಿಸಿ ತಪಸ್ಸಿಗೆ ಹೊರಟುಹೋದ. ಕಾಳಿದಾಸನ 'ರಘುವಂಶ'ದಲ್ಲಿ ಮುಪ್ಪು ನರೆಯ ವೇಷ ತೊಟ್ಟು ದಶರಥನ ಕಿವಿಯ ಬಳಿಗೇ ಬಂದು, ರಾಮನಿಗೆ ಪಟ್ಟ ಕಟ್ಟೆಂದು ಪಿಸುಗುಟ್ಟುತ್ತದೆ. ಜನ್ನ ಕವಿ 1209ರಲ್ಲಿ ಕನ್ನಡಕ್ಕೆ ತಂದ ಯಶೋಧರನ ಕಥೆಯಲ್ಲಿಯೂ ತಂದೆ ಯಶೌಘ ನರೆಯನ್ನು ಕಂಡೇ ವಿರಕ್ತನಾಗಿ ಮಗನಿಗೆ ರಾಜ್ಯ ಕೊಡುತ್ತಾನೆ. ಬೌದ್ಧ, ವೈದಿಕ, ಜೈನ ಎಂಬ ಭೇದವಿಲ್ಲದೆ ಮೂರೂ ಕಡೆ ನರೆಯೆಂದರೆ ಕಾಲಪುರುಷ ಕಳಿಸಿದ ಓಲೆ: ಇನ್ನು ಸಾಕು, ಮುಂದಿನವರಿಗೆ ಬಿಟ್ಟುಕೊಡು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಕಥೆಗಳಲ್ಲಿ ನರೆಯನ್ನು ನಿಶ್ಚಿಂತೆಯಿಂದ ಒಪ್ಪಿಕೊಂಡವರೆಲ್ಲ ಅರಸರು. ಬಿಟ್ಟುಕೊಡಲು ರಾಜ್ಯವಿತ್ತು, ನೋಡಿಕೊಳ್ಳಲು ಮಗನಿದ್ದ. ಮರುದಿನದ ಗಂಜಿಯ ಚಿಂತೆ ಅವರಿಗಿರಲಿಲ್ಲ.

ಉಳಿದವರ ಮಾತೇನು? ಅದಕ್ಕೆ ಉತ್ತರ ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿದೆ. ತಲೆ ನರೆತವನಿಗೆ ಹೂಮಾಲೆ, ಗಂಧ, ಬಟ್ಟೆ, ಒಡವೆ ಯಾವುದೂ ಒಪ್ಪುವುದಿಲ್ಲ, ಆದ್ದರಿಂದ ಕೂದಲಿಗೆ ಬಣ್ಣ ಕಟ್ಟುವುದರಲ್ಲಿ ಎಚ್ಚರ ವಹಿಸಬೇಕು ಎಂದು ಹೇಳಿ ಅವನು ವಿಧಾನವನ್ನೇ ಕೊಡುತ್ತಾನೆ. ಕಬ್ಬಿಣದ ಪಾತ್ರೆಯಲ್ಲಿ ಹುಳಿನೀರು ಮತ್ತು ಕಬ್ಬಿಣದ ಪುಡಿಯೊಡನೆ ಹಾರಕದ ಅಕ್ಕಿಯನ್ನು ಬೇಯಿಸಿ, ನುಣ್ಣಗೆ ಅರೆದು ತಲೆಗೆ ಹಚ್ಚಿ, ಹಸಿ ಎಲೆಗಳಿಂದ ಕಟ್ಟಬೇಕು. ಕೆಲವು ಗಂಟೆಗಳ ನಂತರ ಅದನ್ನು ತೆಗೆದು ನೆಲ್ಲಿಕಾಯಿ ಅರೆದು ಹಚ್ಚಿ ಮತ್ತೆ ಎಲೆ ಕಟ್ಟಬೇಕು. ತೊಳೆದಾಗ ಕೂದಲು ಕಪ್ಪಾಗಿರುತ್ತದೆ.

ಇದರ ರಸಾಯನ ಸೊಗಸಾಗಿದೆ. ಹುಳಿಯಲ್ಲಿ ಕಬ್ಬಿಣ ಕರಗುತ್ತದೆ. ನೆಲ್ಲಿಕಾಯಿಯಲ್ಲಿ ಟ್ಯಾನಿನ್ ಎಂಬ ಒಗರು ವಸ್ತುವಿದೆ. ಇವೆರಡೂ ಸೇರಿದರೆ ಕಪ್ಪು ಸಂಯುಕ್ತ. ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ನಮ್ಮ ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ತತ್ತ್ವದಿಂದ. ಕಬ್ಬಿಣದ ಬಾಣಲೆಯಲ್ಲಿ ಮದರಂಗಿ ಪುಡಿ, ಚಹಾ ಡಿಕಾಕ್ಷನ್, ನೆಲ್ಲಿಕಾಯಿ ಪುಡಿ ಕಲಸಿ ರಾತ್ರಿಯಿಡೀ ನೆನೆಸಿಡುವ ನಮ್ಮ ತಾಯಂದಿರು ತಮಗರಿವಿಲ್ಲದೆ ವರಾಹಮಿಹಿರನ ಶಿಷ್ಯೆಯರೇ!

ಮದರಂಗಿಯ ಮಾತು ಬಂದ ಮೇಲೆ ನಾವಿರುವ ಅರಬ್ಬರ ನಾಡಿನ ವಿಚಾರಕ್ಕೆ ಬರಲೇಬೇಕು. ಕ್ರಿ.ಶ. 630ರಲ್ಲಿ ಮಕ್ಕಾ ಪ್ರವಾದಿಯವರ ಕೈಸೇರಿದಾಗ, ಅಬೂಬಕ್ಕರರ ವೃದ್ಧ ತಂದೆ ಅಬೂ ಕುಹಾಫರನ್ನು ಅವರ ಮುಂದೆ ಕರೆತಂದರು. ಅವರ ತಲೆ, ಗಡ್ಡ ಎರಡೂ ಅಚ್ಚ ಬಿಳುಪು. ಅದರ ಬಣ್ಣ ಬದಲಿಸಿ, ಆದರೆ ಕಪ್ಪನ್ನು ಬಿಡಿ ಎಂದು ಪ್ರವಾದಿಯವರು ಹೇಳಿದರೆಂದು ಹದೀಸಿನಲ್ಲಿದೆ. ಮದರಂಗಿಯೂ 'ಕತಮ್' ಎಂಬ ಗಿಡದ ಎಲೆಯೂ ಮೆಚ್ಚಿಗೆ ಪಡೆದ ಬಣ್ಣಗಳು. ಕಪ್ಪಿನ ಬಗ್ಗೆ ಧರ್ಮಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಬೇಡವೆನ್ನುವವರು ಕೊಡುವ ಕಾರಣಗಳಲ್ಲಿ ಒಂದು, ಅದು ವಯಸ್ಸನ್ನು ಮುಚ್ಚಿ ಎದುರಿನವರನ್ನು ಮೋಸಗೊಳಿಸಬಹುದೆಂಬುದು. ದೇರಾದ ಹಳೆಯ ಪೇಟೆಯಲ್ಲಿ ಕೆಂಪು ಗಡ್ಡದ ಹಿರಿಯರನ್ನು ನಾವೆಲ್ಲರೂ ಕಂಡಿದ್ದೇವೆ. ಆ ಕೆಂಪನ್ನು ನೋಡಿ ಯಾರೂ ಅವರನ್ನು ಯುವಕರೆಂದು ಭ್ರಮಿಸುವುದಿಲ್ಲ. ನರೆಯನ್ನು ಮರೆಸದೆ, ಆದರೂ ಅಲಂಕರಿಸುವ ಮೂರನೆಯ ದಾರಿ ಇದು. 2024ರ ಡಿಸೆಂಬರಿನಲ್ಲಿ ಯುನೆಸ್ಕೋ ಸಂಸ್ಥೆ ಸಂಯುಕ್ತ ಅರಬ್ ಎಮಿರೇಟ್ಸ್ ಸೇರಿ 16 ಅರಬ್ ದೇಶಗಳ ಮದರಂಗಿ ಸಂಪ್ರದಾಯವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಮದರಂಗಿ ಎಲೆಯಲ್ಲಿರುವ ಲಾಸೋನ್ ಎಂಬ ಕಿತ್ತಳೆಬಣ್ಣದ ವಸ್ತು ಕೂದಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ನರೆಯ ಮೇಲೆ ಬರುವುದು ಕೆಂಪೇ. ಅದರ ಮೇಲೆ ನೀಲಿ ಗಿಡದ ಎಲೆಯ ಪುಡಿ ಹಚ್ಚಿದರೆ ಕೆಂಪು-ನೀಲಿ ಸೇರಿ ಕಂದುಗಪ್ಪಾಗುತ್ತದೆ. ಶುದ್ಧ ಮದರಂಗಿ ತಾನಾಗಿ ಎಂದೂ ಕಪ್ಪಾಗದು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಯೂರೋಪು. ಗ್ರೀಕರೂ ರೋಮನರೂ ಸೀಸದ ಆಕ್ಸೈಡನ್ನು ಸುಣ್ಣದೊಡನೆ ಕಲಸಿ ತಲೆಗೆ ಹಚ್ಚುತ್ತಿದ್ದರು. ಕೂದಲಿನಲ್ಲಿರುವ ಗಂಧಕದೊಡನೆ ಸೀಸ ಸೇರಿ ಅತಿಸೂಕ್ಷ್ಮ ಕಪ್ಪು ಹರಳುಗಳು ಕೂದಲೊಳಗೇ ಬೆಳೆಯುತ್ತವೆಂದು 2006ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿದರು. ಸೀಸ ವಿಷವೆಂದು ಎಲ್ಲರಿಗೂ ಗೊತ್ತು. ಹೀಗಿದ್ದೂ ಸೀಸದ ಅಸಿಟೇಟ್ ಇರುವ ಕೇಶವರ್ಣಗಳಿಗೆ ಕೊಟ್ಟಿದ್ದ ಅನುಮತಿಯನ್ನು ರದ್ದುಗೊಳಿಸುವ ನಿರ್ಧಾರವನ್ನು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಕೈಗೊಂಡದ್ದು 2018ರಲ್ಲಿ!

ಇಂದಿನ ಡೈಯ ಹುಟ್ಟು ಕಲ್ಲಿದ್ದಲಿನ ಟಾರಿನಲ್ಲಿ. 1856ರಲ್ಲಿ ಇಂಗ್ಲೆಂಡಿನ ಹದಿನೆಂಟರ ಹುಡುಗ ಪರ್ಕಿನ್ ಟಾರಿನಿಂದ ಪಡೆದ ವಸ್ತುವಿನಿಂದ ನೇರಿಳೆ ಬಣ್ಣ ತಯಾರಿಸಿದ ಮೇಲೆ ಕೃತಕ ವರ್ಣಗಳ ಯುಗ ತೆರೆಯಿತು. ಅದೇ ಬಳಗದ ಪ್ಯಾರಾ ಫಿನೈಲೀನ್ ಡೈಅಮೀನ್ ಎಂಬ ವಸ್ತು ಕೂದಲಿಗೆ ಬಂತು. ಹೆಸರು ಉದ್ದವಾದ್ದರಿಂದ ಎಲ್ಲರೂ ಪಿಪಿಡಿ ಎನ್ನುತ್ತಾರೆ. 1909ರಲ್ಲಿ ಪ್ಯಾರಿಸಿನ ರಸಾಯನಜ್ಞ ಯೂಜೀನ್ ಶುಯೆಲರ್ ಸ್ಥಾಪಿಸಿದ ಕಂಪನಿಯ ಹೆಸರಿನಲ್ಲೇ 'ನಿರಪಾಯಕರ ಕೇಶವರ್ಣ' ಎಂಬ ಅರ್ಥದ ಮಾತಿತ್ತು. ಅದೇ ಮುಂದೆ ಲೋರಿಯಾಲ್ ಆಯಿತು.

ಪಿಪಿಡಿಯ ಕೌಶಲ ಸರಳ. ಅದು ಬಣ್ಣವಿಲ್ಲದ ಪುಟ್ಟ ಅಣು. ಅಮೋನಿಯಾ ಕೂದಲಿನ ಹೊರಪದರವನ್ನು ಸಡಿಲಗೊಳಿಸುತ್ತದೆ, ಪುಟ್ಟ ಅಣು ಒಳಗೆ ನುಸುಳುತ್ತದೆ. ಅಲ್ಲಿ ಪೆರಾಕ್ಸೈಡಿನ ನೆರವಿನಿಂದ ಒಂದಕ್ಕೊಂದು ಸೇರಿ ದೊಡ್ಡ, ಬಣ್ಣದ ಅಣುವಾಗಿ ಹೊರಬರಲಾರದೆ ಉಳಿಯುತ್ತದೆ. ಕಣಜದ ಕಿಂಡಿಯಿಂದ ತೂರಿದ ಇಲಿ ಒಳಗೆ ತಿಂದು ಕೊಬ್ಬಿ ಹೊರಬರಲಾರದೆ ಸಿಕ್ಕಿಕೊಂಡಂತೆ. ಆದರೆ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಮೂರು-ನಾಲ್ಕು ವಾರದಲ್ಲಿ ಬುಡದ ಬಿಳುಪು ಇಣುಕುತ್ತದೆ. ಹಚ್ಚಲು ತೊಡಗಿದವರಿಗೆ ಬಿಡುವಿಲ್ಲ.

ಜಾಹೀರಾತು ಈ ಬಿಡುವಿಲ್ಲದಿಕೆಗೆ ಗುಟ್ಟನ್ನೂ ಸೇರಿಸಿತು. 1956ರಲ್ಲಿ ಅಮೆರಿಕದ ಕ್ಲೇರಾಲ್ ಕಂಪನಿಗೆ ಶರ್ಲಿ ಪೋಲಿಕಾಫ್ ಎಂಬಾಕೆ ಬರೆದ ಜಾಹೀರಾತು, ಈಕೆ ಬಣ್ಣ ಹಚ್ಚುತ್ತಾಳೋ ಇಲ್ಲವೋ ಎಂಬುದು ಆಕೆಯ ಕೇಶವಿನ್ಯಾಸಕಿಗೊಬ್ಬಳಿಗೇ ಗೊತ್ತು ಎಂಬ ಧಾಟಿಯದು. ಕೆಂಪು ಗಡ್ಡದ ಹಿರಿಯರಿಗೆ ಇಲ್ಲದ ಅಂಜಿಕೆ ಇಲ್ಲಿ ಹುಟ್ಟಿತು: ಗುಟ್ಟು ಬಯಲಾದರೆ ಏನು ಗತಿ?

ಈ ಅಂಜಿಕೆಗೆ ಕೊಲ್ಲಿಯಲ್ಲಿ ಇನ್ನೊಂದು ಕಾರಣವೂ ಕೂಡಿತು. ಅಬುಧಾಬಿಯಿಂದ 1962ರಲ್ಲಿ, ದುಬೈಯಿಂದ 1969ರಲ್ಲಿ ತೈಲದ ರಫ್ತು ಆರಂಭವಾಯಿತು. 1971ರ ಡಿಸೆಂಬರ್ 2ರಂದು ಸಂಯುಕ್ತ ರಾಷ್ಟ್ರ ಹುಟ್ಟಿತು. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಬಂದವರು ಕಪ್ಪು ತಲೆಯ ಯುವಕರು. ಅವರ ವಾಸ್ತವ್ಯದ ಪರವಾನಗಿ ಕೆಲಸಕ್ಕೆ ಗಂಟುಬಿದ್ದಿತ್ತು. ಕೆಲಸ ಹೋದರೆ ವೀಸಾ ಇಲ್ಲ, ವೀಸಾ ಹೋದರೆ ಮನೆಯಿಲ್ಲ, ಮಕ್ಕಳ ಶಾಲೆಯಿಲ್ಲ. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ತಾರೀಖು ಸ್ಪಷ್ಟವಾಗಿದ್ದರೂ, ಮ್ಯಾನೇಜರರ ಕಣ್ಣಿಗೆ ಮೊದಲು ಬೀಳುವುದು ತಲೆ. ಜಪಾನಿನ ಬಿಗೆನ್ ಪುಡಿಯೋ ಊರಿನ ಗೋದ್ರೇಜ್ ಪೊಟ್ಟಣವೋ ಶುಕ್ರವಾರದ ರಜೆಯಲ್ಲಿ ಬಚ್ಚಲುಮನೆ ಸೇರಿದ್ದಕ್ಕೆ ಬರಿಯ ಶೋಕಿಯೇ ಕಾರಣವಲ್ಲ. ಮಿಥಿಲೆಯ ಅರಸನಿಗೆ ನರೆ 'ಕಾಡಿಗೆ ನಡೆ' ಎಂದಿತು. ಇಲ್ಲಿನ ಗುಮಾಸ್ತನಿಗೆ ಅದು 'ಊರಿಗೆ ನಡೆ' ಎಂದಿತು. ತಂಗಿಯ ಮದುವೆ, ಮನೆಯ ಸಾಲ ಇನ್ನೂ ತೀರದವನು ಆ ಓಲೆಯನ್ನು ಕಪ್ಪು ಬಳಿದು ಮುಚ್ಚಿದರೆ ಅವನನ್ನು ಹಂಗಿಸುವ ಅಧಿಕಾರ ಯಾರಿಗಿದೆ?

ಕಾಲ ಸ್ವಲ್ಪ ಬದಲಾಗಿದೆ. 55 ವರ್ಷ ಮೀರಿದ ನಿವೃತ್ತರಿಗೆ ಐದು ವರ್ಷದ ವೀಸಾ ಕೊಡುವ ನಿರ್ಧಾರವನ್ನು ಇಲ್ಲಿನ ಸಚಿವ ಸಂಪುಟ 2018ರಲ್ಲಿ ಕೈಗೊಂಡಿತು. 2020ರಲ್ಲಿ ದುಬೈ ತನ್ನದೇ ನಿವೃತ್ತಿ ಯೋಜನೆಯನ್ನು ಆರಂಭಿಸಿತು. ಆಸ್ತಿ, ಉಳಿತಾಯ ಇಲ್ಲವೆ ಆದಾಯ ನಿಗದಿಯಾದಷ್ಟು ಇರಬೇಕಾದ್ದರಿಂದ ಇದು ಎಲ್ಲರ ಕೈಗೆಟಕುವುದಿಲ್ಲ, ನಿಜ. ಆದರೂ ಪರದೇಶಿಯೊಬ್ಬ ಕೆಲಸ ಮುಗಿಸಿ, ತಲೆ ಬೆಳ್ಳಗಾಗಿ, ಈ ನೆಲದಲ್ಲೇ ಇರಬಹುದೆಂದು ಸರಕಾರ ಒಪ್ಪಿದ್ದು ಸಣ್ಣ ಸಂಗತಿಯಲ್ಲ.

ಇನ್ನು ಅಪಾಯದ ಮಾತು. ಪಿಪಿಡಿ ಕೆಲವರಿಗೆ ಒಗ್ಗುವುದಿಲ್ಲ. ತುರಿಕೆ, ಗುಳ್ಳೆ, ಮುಖದ ಬಾವು ಬರುತ್ತದೆ. ವರ್ಷಗಟ್ಟಲೆ ಒಗ್ಗಿದವರಿಗೂ ಒಂದು ದಿನ ತಟಕ್ಕನೆ ಒಗ್ಗದಿರಬಹುದು. 1933ರಲ್ಲಿ ಅಮೆರಿಕದಲ್ಲಿ ರೆಪ್ಪೆಗೂದಲಿಗೆ ಹಚ್ಚುವ ಇಂಥದೊಂದು ಬಣ್ಣದಿಂದ ಕಣ್ಣು ಕಳೆದುಕೊಂಡವರಿದ್ದರು. ಐರೋಪ್ಯ ಒಕ್ಕೂಟದಲ್ಲಿ ತಲೆಗೆ ಹಚ್ಚುವ ಮಿಶ್ರಣದಲ್ಲಿ ಪಿಪಿಡಿ ಶೇಕಡಾ 2ನ್ನು ಮೀರುವಂತಿಲ್ಲ. ಪೊಟ್ಟಣದ ಮೇಲೆ ಬರೆದಂತೆ 48 ಗಂಟೆ ಮುಂಚೆ ಚೂರು ಹಚ್ಚಿ ಪರೀಕ್ಷಿಸುವುದನ್ನು ಯಾರೂ ತಪ್ಪಿಸಬಾರದು.

ಶುದ್ಧ ಮದರಂಗಿ ಕಪ್ಪಾಗದೆಂಬ ಮಾತು ಈಗ ಬೇಕು. 'ಕಪ್ಪು ಮದರಂಗಿ' ಎಂದು ಮಾರುವುದರಲ್ಲಿ ಸಾಮಾನ್ಯವಾಗಿ ಬೆರೆತಿರುವುದು ಪಿಪಿಡಿಯೇ. ಅದನ್ನು ನೇರವಾಗಿ ಚರ್ಮದ ಮೇಲೆ ಬರೆಯುವುದು ಇನ್ನೂ ಅಪಾಯ. ದುಬೈ ಮುನಿಸಿಪಾಲಿಟಿ ಸಲೂನುಗಳಲ್ಲಿ ಇದನ್ನು ನಿಷೇಧಿಸಿದೆ. ಅಪ್ಪಟ ಮದರಂಗಿಯೂ ಎಲ್ಲರಿಗೂ ಸಲ್ಲದು. ಜಿ-ಸಿಕ್ಸ್-ಪಿಡಿ ಎಂಬ ಕಿಣ್ವದ ಕೊರತೆಯಿರುವವರಿಗೆ ಮದರಂಗಿ ಹಚ್ಚಿ ರಕ್ತಕಣಗಳು ಒಡೆದು ಪ್ರಾಣಕ್ಕೇ ಸಂಚಕಾರ ಬಂದ ಪ್ರಸಂಗಗಳನ್ನು ಅಲ್ ಐನ್‌ನ ವೈದ್ಯರು 2001ರಲ್ಲಿ ವರದಿ ಮಾಡಿದರು. ಎಳೆಯ ಕೂಸಿನ ಅಂಗಾಲಿಗೆ ಮದರಂಗಿ ಹಚ್ಚುವ ಅಜ್ಜಿಯರು ಇದನ್ನು ಗಮನಿಸಬೇಕು.

ಕ್ಯಾನ್ಸರಿನ ಭಯವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2010ರಲ್ಲಿ ಪ್ರಕಟಿಸಿದ ತೀರ್ಮಾನದಂತೆ, ತಮ್ಮ ತಲೆಗೆ ಹಚ್ಚಿಕೊಳ್ಳುವವರ ಬಗ್ಗೆ ಇತ್ತಕಡೆ ಅತ್ತಕಡೆ ಹೇಳಲು ಸಾಕಷ್ಟು ಆಧಾರವಿಲ್ಲ. ಆದರೆ ದಿನವೂ ಹತ್ತಾರು ತಲೆಗೆ ಹಚ್ಚುವ ಕ್ಷೌರಿಕರ, ಕೇಶವಿನ್ಯಾಸಕರ ಕಸುಬನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೆ ಸೇರಿಸಿದೆ. ಕರಾಮಾ, ಸತ್ವಾದ ಸಲೂನುಗಳಲ್ಲಿ ನಮ್ಮ ನರೆಯನ್ನು ಮುಚ್ಚುವ ಆ ಹುಡುಗನ ಕೈಗೆ ಗವಸಿದೆಯೇ ಎಂದು ನಾವು ಒಮ್ಮೆಯಾದರೂ ನೋಡಬೇಡವೇ? ಮಖಾದೇವ ತನ್ನ ಕ್ಷೌರಿಕನಿಗೆ ಗ್ರಾಮವನ್ನೇ ಕೊಟ್ಟ. ನಾವು ಗವಸನ್ನಾದರೂ ಕೇಳೋಣ.

ಇಲ್ಲಿಯ ಸಮುದ್ರದ ಸಿಹಿಗೊಳಿಸಿದ ನೀರಿನಿಂದಲೇ ತಲೆ ನರೆಯುತ್ತದೆಂದು ನಂಬುವವರು ನಮ್ಮಲ್ಲಿ ಬಹಳ. ಕೂದಲಿನ ಬಣ್ಣ ನಿರ್ಧಾರವಾಗುವುದು ಚರ್ಮದೊಳಗಿನ ಬುಡದಲ್ಲಿ. ಅಲ್ಲಿನ ಕಣಗಳು ಮೆಲನಿನ್ ತಯಾರಿಸುವುದನ್ನು ನಿಲ್ಲಿಸಿದರೆ ಬಿಳಿಗೂದಲು ಮೂಡುತ್ತದೆ. ಇದರಲ್ಲಿ ವಂಶದ ಪಾಲು ದೊಡ್ಡದು. ತೀವ್ರ ಒತ್ತಡ ಈ ಕಣಗಳ ಮೂಲವನ್ನೇ ಬರಿದುಮಾಡಬಲ್ಲದೆಂದು 2020ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ನಲ್ಲಿಯ ನೀರು ಹೊರಗಿನ ಕೂದಲನ್ನು ತೊಳೆದೀತೇ ಹೊರತು ಬುಡದ ಬಣ್ಣವನ್ನು ಕದಿಯಲಾರದು.

ಹಾಗಾದರೆ ಹಚ್ಚಬೇಕೋ ಬಿಡಬೇಕೋ? ಬೆಳ್ಳಿಯಂಥ ತಲೆಯ ಶಿವರಾಮ ಕಾರಂತರಿಗೆ ನರೆಯೇ ಕಳೆಯಾಗಿತ್ತು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರಾಗಿದ್ದ ರಜನೀಕಾಂತ್ ತೆರೆಯ ಮೇಲೆ ಕಪ್ಪು ಕೂದಲಿನಿಂದ ಮೆರೆದರೂ ಹೊರಗೆ ಬೋಳು ತಲೆ, ಬಿಳಿ ಗಡ್ಡದಲ್ಲೇ ಓಡಾಡುತ್ತಾರೆ. ಗಂಡಸಿಗೆ ಸಮಾಜ ಇಷ್ಟು ಸಲಿಗೆ ಕೊಟ್ಟಿದೆ. ನಲವತ್ತರ ಗೃಹಿಣಿ ಹಚ್ಚುವುದನ್ನು ಬಿಟ್ಟ ಮರುವಾರವೇ "ಏನಮ್ಮಾ, ಮೈಗೆ ಹುಷಾರಿಲ್ಲವೇ?" ಎಂದು ಕೇಳುವವರೂ ನಾವೇ. ಬಣ್ಣವನ್ನು ನಿರ್ಧರಿಸುವ ಹಕ್ಕು ತಲೆಯ ಒಡೆಯರದು. ಹಚ್ಚುವವರು ಕೆಂಪು ಗಡ್ಡದ ಹಿರಿಯರಂತೆ ಅಂಜಿಕೆಯಿಲ್ಲದೆ, ಹಚ್ಚುವುದೇನೆಂದು ತಿಳಿದು ಹಚ್ಚಲಿ. ಬಿಡುವವರು ಕಾರಂತರಂತೆ ತಲೆಯೆತ್ತಿ ಬಿಡಲಿ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಹೆದರಿಕೆಯಿಂದ ಹಚ್ಚುವ ಪ್ರಸಂಗ ಮಾತ್ರ ಯಾರಿಗೂ ಬಾರದಿರಲಿ. ಅದಕ್ಕೆ ನಮ್ಮ ಸಂಘದೊಳಗೆ ನಾವು ಮಾಡಬಹುದಾದ ಕೆಲಸ ಒಂದೇ: ಒಬ್ಬರ ತಲೆಯನ್ನು ನೋಡಿ ಇನ್ನೊಬ್ಬರು ಲೆಕ್ಕ ಹಾಕುವುದನ್ನು ಬಿಡುವುದು.