ಸಂಬಳದ ಚೀಟಿಯಿಂದ ಬಸಿರಿನವರೆಗೆ

ಅರ್ಥಶಾಸ್ತ್ರಜ್ಞೆ ಜಾನೆಟ್ ಕರ್ರಿ 1988ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದಾಗ ಆಸ್ಪತ್ರೆ, ವಿಮೆ, ಶಿಶುಗಳ ವಿಚಾರ ಅವರ ಹತ್ತಿರ ಸುಳಿದಿರಲಿಲ್ಲ. ಟೊರಾಂಟೊದಲ್ಲಿ ಓದಿ ಬಂದ ಅವರಿಗೆ ಮಾರ್ಗದರ್ಶಕರಾಗಿ ಸಿಕ್ಕವರು ಕಾರ್ಮಿಕ ಅರ್ಥಶಾಸ್ತ್ರಜ್ಞ ಆರ್ಲಿ ಆಶೆನ್‌ಫೆಲ್ಟರ್. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಶಾಲಾ ಶಿಕ್ಷಕರ ಸಂಬಳದ ತಕರಾರು ಯಾವಾಗ ಮಧ್ಯಸ್ಥಿಕೆಗೆ ಹೋಗುತ್ತದೆ, ಯಾವಾಗ ಮಾತುಕತೆಯಲ್ಲೇ ಬಗೆಹರಿಯುತ್ತದೆ ಎಂಬಂಥ ಪ್ರಶ್ನೆಗಳ ಮೇಲೆ ಕರ್ರಿ ಆ ವರ್ಷಗಳಲ್ಲಿ ಬರೆದರು. 2024ರಲ್ಲಿ ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್‌ನ ಅಧ್ಯಕ್ಷರಾಗುವ ಹೊತ್ತಿಗೆ ಅವರನ್ನು ಜನ ಗುರುತಿಸುತ್ತಿದ್ದುದು ಬಸುರಿಯರು, ವಾಹನದ ಹೊಗೆ, ಬಡವರ ವಿಮೆ ಮತ್ತು ಮಕ್ಕಳ ಮನಸ್ಸಿನ ಆರೋಗ್ಯದ ಮೇಲಿನ ಕೆಲಸದಿಂದ. ಆರೋಗ್ಯ ಮತ್ತು ದುಡಿಮೆ ಕೂಡುವ ಅರ್ಥಶಾಸ್ತ್ರವೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದೆ. ಸಂಬಳ ಎಣಿಸುವ ವಯಸ್ಕನಿಂದ ಶುರುವಾದ ವಿಚಾರಣೆ, ಅವನು ಹುಟ್ಟುವ ಮೊದಲಿನ ತಿಂಗಳುಗಳವರೆಗೆ ಹಿಂದಕ್ಕೆ ಸರಿದಿದೆ.

ಮೂಲದಲ್ಲಿ ಎರಡು ಲೇಖನಗಳಿವೆ. ಕೆನೆತ್ ಆ್ಯರೋ 1963ರಲ್ಲಿ, ವೈದ್ಯಕೀಯ ಸೇವೆ ಅಕ್ಕಿ ಬಟ್ಟೆಗಳ ಹಾಗೆ ಮಾರುಕಟ್ಟೆಯಲ್ಲಿ ಏಕೆ ನಡೆದುಕೊಳ್ಳುವುದಿಲ್ಲ ಎಂದು ವಿವರಿಸಿದರು. ಕಾಯಿಲೆ ಯಾವಾಗ ಬರುತ್ತದೆಂದು ರೋಗಿಗೆ ಗೊತ್ತಿಲ್ಲ, ಬಂದಾಗ ಯಾವ ಮದ್ದು ಬೇಕೆಂದೂ ಗೊತ್ತಿಲ್ಲ. ಮಾರುವವನನ್ನೇ ನಂಬಿ ಕೊಳ್ಳಬೇಕು. ಆ್ಯರೋ ನೋಡಿದ್ದು ಚಿಕಿತ್ಸೆಯ ಕಡೆಯಿಂದ. ದುಡಿಮೆಯ ಕಡೆಯಿಂದ ನೋಡಿದವರು ಗ್ಯಾರಿ ಬೆಕರ್‌ರ ಶಿಷ್ಯ ಮೈಕೆಲ್ ಗ್ರಾಸ್‌ಮನ್. 1972ರ ಅವರ ಲೇಖನದಲ್ಲಿ ಆರೋಗ್ಯವೊಂದು ಬಂಡವಾಳ: ಹುಟ್ಟುವಾಗಲೇ ಒಂದಿಷ್ಟು ಬಂದಿರುತ್ತದೆ, ವಯಸ್ಸಾದಂತೆ ಸವೆಯುತ್ತದೆ, ಊಟ, ವ್ಯಾಯಾಮ, ಔಷಧಿಯಿಂದ ಮರುಭರ್ತಿ ಮಾಡಬಹುದು. ಅದರ ಫಲ ಎರಡು ಬಗೆ: ಚೆನ್ನಾಗಿರುವ ಸುಖ ಒಂದು, ಕೆಲಸಕ್ಕೆ ಸಿಗುವ ದಿನಗಳು ಇನ್ನೊಂದು. ಮನುಷ್ಯ ತನ್ನ ಆಯುಸ್ಸನ್ನು ತಾನೇ ಲೆಕ್ಕ ಹಾಕಿ ಆರಿಸಿಕೊಳ್ಳುತ್ತಾನೆ ಎಂಬ ಧ್ವನಿ ಈ ಮಾದರಿಯಲ್ಲಿದೆ. ಯಾವ ಅಜ್ಜಿಯೂ ಇದನ್ನು ಒಪ್ಪಲಾರಳು. ಆದರೂ ಐವತ್ತು ವರ್ಷಗಳ ಚರ್ಚೆ ಈ ಚೌಕಟ್ಟಿನೊಳಗೇ, ಇಲ್ಲವೇ ಇದರೊಂದಿಗೆ ಜಗಳವಾಡುತ್ತ ನಡೆಯಿತು.

ಎಪ್ಪತ್ತರ ದಶಕದ ರ‍್ಯಾಂಡ್ ಸಂಸ್ಥೆಯ ವಿಮಾ ಪ್ರಯೋಗದ ಬಗ್ಗೆ ಬಹಳ ಬರೆದಾಗಿದೆ. ಜೇಬಿನಿಂದ ಸ್ವಲ್ಪ ಕೊಡಬೇಕಾದವರು ಚಿಕಿತ್ಸೆಯನ್ನು ಕಡಿಮೆ ಮಾಡಿಕೊಂಡರು, ಸರಾಸರಿ ಆರೋಗ್ಯ ಅದರಿಂದ ಹೆಚ್ಚೇನೂ ಕೆಡಲಿಲ್ಲ. ಬಡವರಲ್ಲಿ, ಅದರಲ್ಲೂ ರಕ್ತದೊತ್ತಡ ಇದ್ದವರಲ್ಲಿ ಮಾತ್ರ ಕೆಟ್ಟಿತು. ನೀತಿ ಮಾಡುವವರು ಮೊದಲ ಮಾತನ್ನು ನೆನಪಿಟ್ಟುಕೊಂಡಷ್ಟು ಕೊನೆಯದನ್ನು ಇಟ್ಟುಕೊಳ್ಳಲಿಲ್ಲ.

ಆರೋಗ್ಯದ ಮತ್ತು ದುಡಿಮೆಯ ಅರ್ಥಶಾಸ್ತ್ರಗಳು ನಿಜವಾಗಿ ಬೆರೆತದ್ದು ತೊಂಬತ್ತರ ದಶಕದಲ್ಲಿ. ಅದಕ್ಕೆ ಕಾರಣ ಅಮೆರಿಕದ ಒಂದು ಚಾರಿತ್ರಿಕ ಆಕಸ್ಮಿಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಸಂಬಳ ಏರಿಸುವುದಕ್ಕೆ ಕಡಿವಾಣ ಹಾಕಿದಾಗ, ಕಂಪನಿಗಳು ಆಳುಗಳನ್ನು ಸೆಳೆಯಲು ಆರೋಗ್ಯ ವಿಮೆ ಕೊಡತೊಡಗಿದವು; ತೆರಿಗೆ ವಿನಾಯಿತಿ ಆ ರೂಢಿಯನ್ನು ಗಟ್ಟಿ ಮಾಡಿತು. ಹಾಗಾಗಿ ಕೆಲಸ ಬಿಟ್ಟರೆ ವಿಮೆಯೂ ಹೋಗುತ್ತದೆ. ಬ್ರಿಜೆಟ್ ಮೇಡ್ರಿಯನ್ 1994ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಈ ಭಯ ತಾವಾಗಿಯೇ ಕೆಲಸ ಬದಲಿಸುವುದನ್ನು ಸುಮಾರು ಶೇ. 25ರಷ್ಟು ತಗ್ಗಿಸಿತ್ತು. ನಮ್ಮಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಇರುವವರಿಗೆ ಈ ಕಟ್ಟು ಅಪರಿಚಿತವಲ್ಲ.

ಅದೇ ವರ್ಷ ಜೊನಾಥನ್ ಗ್ರೂಬರ್ ಇನ್ನೊಂದು ಪ್ರಶ್ನೆ ಎತ್ತಿದರು. ಹೆರಿಗೆಯನ್ನೂ ಬೇರೆ ಕಾಯಿಲೆಗಳಂತೆಯೇ ವಿಮೆಯೊಳಗೆ ಸೇರಿಸಬೇಕೆಂದು ಕೆಲವು ರಾಜ್ಯಗಳು ಎಪ್ಪತ್ತರ ದಶಕದಲ್ಲಿ ಕಾನೂನು ಮಾಡಿದ್ದವು. ಆ ಖರ್ಚು ಕೊನೆಗೆ ಯಾರ ತಲೆಗೆ ಬಂತು? ಹೆರುವ ವಯಸ್ಸಿನ ವಿವಾಹಿತ ಹೆಣ್ಣುಮಕ್ಕಳ ಸಂಬಳಕ್ಕೇ ಎಂಬುದು ಅವರ ಉತ್ತರ: ಉದ್ಯೋಗ ಕಡಿಮೆಯಾಗಲಿಲ್ಲ, ಸಂಬಳ ಹೆಚ್ಚುಕಡಿಮೆ ಖರ್ಚಿನಷ್ಟೇ ಇಳಿಯಿತು. 2017ರಲ್ಲಿ ಭಾರತ ಹೆರಿಗೆ ರಜೆಯನ್ನು 12 ವಾರಗಳಿಂದ 26ಕ್ಕೆ ಏರಿಸಿದಾಗ ಈ ಲೇಖನವನ್ನು ಓದಿಕೊಂಡಿದ್ದರೆ ಒಳ್ಳೆಯದಿತ್ತು. ಇಎಸ್‌ಐ ವ್ಯಾಪ್ತಿಯ ಗಾರ್ಮೆಂಟ್ಸ್ ಹೆಂಗಸಿಗೆ ರಜೆಯ ಹಣ ಬರುವುದು ವಿಮಾ ನಿಗಮದಿಂದ. ತಿಂಗಳಿಗೆ 21,000 ರೂಪಾಯಿ ಸಂಬಳದ ಮಿತಿ ದಾಟಿದ ಕಚೇರಿ ಉದ್ಯೋಗಿಯದನ್ನು ಮಾಲೀಕನೇ ಭರಿಸಬೇಕು. ಮದುವೆಯಾಗಿದೆಯೇ ಎಂಬ ಪ್ರಶ್ನೆ ಸಂದರ್ಶನದಲ್ಲಿ ಎಲ್ಲಿ ಕೇಳಿಬರಬಹುದೆಂದು ಊಹಿಸುವುದು ಕಷ್ಟವಲ್ಲ.

ಕರ್ರಿ ಮತ್ತು ಮೇಡ್ರಿಯನ್ 1999ರಲ್ಲಿ ಕಾರ್ಮಿಕ ಅರ್ಥಶಾಸ್ತ್ರದ ಕೈಪಿಡಿಗೆ ಬರೆದ ಅಧ್ಯಾಯ ಈ ಘಟ್ಟದ ಲೆಕ್ಕಪತ್ರವಿದ್ದಂತೆ. ಅಷ್ಟರಲ್ಲಿ ಕರ್ರಿ ತಾವೇ ಬೇರೆ ದಾರಿ ಹಿಡಿದಾಗಿತ್ತು. ಬಡ ಮಕ್ಕಳ ಶಾಲಾಪೂರ್ವ ಕಾರ್ಯಕ್ರಮವಾದ ಹೆಡ್ ಸ್ಟಾರ್ಟ್ ಕುರಿತು 1995ರಲ್ಲಿ ಡಂಕನ್ ಥಾಮಸ್ ಜೊತೆ ಮಾಡಿದ ಅಧ್ಯಯನದಲ್ಲಿ ಅವರು ಒಂದೇ ತಾಯಿಯ ಮಕ್ಕಳನ್ನು, ಹೋದವರನ್ನೂ ಹೋಗದವರನ್ನೂ ಹೋಲಿಸಿದರು. ಲಾಭ ಬಿಳಿಯ ಮಕ್ಕಳಲ್ಲಿ ಉಳಿಯಿತು, ಕಪ್ಪು ಮಕ್ಕಳಲ್ಲಿ ಬೇಗ ಕರಗಿತು. ಮರುವರ್ಷ ಗ್ರೂಬರ್ ಜೊತೆ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ಬಸುರಿಯರಿಗೆ ವಿಸ್ತರಿಸಿದ್ದನ್ನು ನೋಡಿದರು: ಅರ್ಹತೆ ಶೇಕಡಾ 30 ಅಂಶ ಹೆಚ್ಚಿದ್ದು ಶಿಶುಮರಣವನ್ನು ಶೇ. 8.5ರಷ್ಟು ಇಳಿಸಿತ್ತು, ತೀರಾ ಬಡವರನ್ನು ಗುರಿಯಿಟ್ಟ ವಿಸ್ತರಣೆಯಿಂದಲೇ ಹೆಚ್ಚು ಪ್ರಯೋಜನ.

ಸಂಬಳದ ತಕರಾರಿನ ವಿಷಯ ಬಿಟ್ಟರೂ ಕರ್ರಿ ತಮ್ಮ ಗುರುವಿನ ಹಟವನ್ನು ಬಿಡಲಿಲ್ಲ: ಯಾರನ್ನು ಯಾರೊಂದಿಗೆ ಹೋಲಿಸಿದರೆ ನ್ಯಾಯ? ತಾಯಿ ಒಬ್ಬ ಮಗನನ್ನು ಕಳಿಸಿ ಇನ್ನೊಬ್ಬನನ್ನು ಬಿಟ್ಟದ್ದೇಕೆ ಎಂದು ಯಾರಾದರೂ ಕೇಳಿದರೆ ಅಣ್ಣತಮ್ಮಂದಿರ ಹೋಲಿಕೆಯೂ ಅಲ್ಲಾಡುತ್ತದೆ. ಇದಕ್ಕೆ ಹೋಲಿಸಿದರೆ ರೀಡ್ ವಾಕರ್ ಜೊತೆಗಿನ 2011ರ ಟೋಲ್ ಅಧ್ಯಯನ ಬಹಳ ಗಟ್ಟಿ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾದ ಹೆದ್ದಾರಿಗಳಲ್ಲಿ ನಿಲ್ಲದೆ ಶುಲ್ಕ ಕಟ್ಟುವ ವ್ಯವಸ್ಥೆ ಬಂದಾಗ ಟೋಲ್ ಗೇಟಿನ ಬಳಿ ವಾಹನಗಳು ಹೊಗೆ ಉಗುಳುತ್ತ ನಿಲ್ಲುವುದು ತಪ್ಪಿತು. ಎರಡು ಕಿಲೋಮೀಟರ್ ಒಳಗಿನ ತಾಯಂದಿರಲ್ಲಿ, ಸ್ವಲ್ಪ ದೂರದವರಿಗೆ ಹೋಲಿಸಿದರೆ, ಅವಧಿಗೆ ಮುಂಚಿನ ಹೆರಿಗೆ ಶೇ. 10.8ರಷ್ಟೂ ಕಡಿಮೆ ತೂಕದ ಶಿಶುಗಳು ಶೇ. 11.8ರಷ್ಟೂ ಇಳಿದವು. ಯಂತ್ರ ಕೂರಿಸಿದವರ ತಲೆಯಲ್ಲಿ ಬಸುರಿಯರ ಯೋಚನೆ ಇರಲಿಲ್ಲ. ಹೋಲಿಕೆಯ ಬಲ ಇರುವುದೇ ಅಲ್ಲಿ. ಫಾಸ್ಟ್ಯಾಗ್ ಬಂದ ನಂತರ ನೆಲಮಂಗಲದ ಟೋಲ್ ಸುತ್ತ ಇಂಥದ್ದನ್ನು ಮಾಡಬೇಕೆಂದರೆ ತಾಯಿಯ ವಿಳಾಸ, ಶಿಶುವಿನ ತೂಕ, ಗರ್ಭದ ವಾರಗಳು ಎಲ್ಲವೂ ಒಂದೇ ದಾಖಲೆಯಲ್ಲಿ ಸಿಗಬೇಕು.

ಭಾರತ ಈ ಚರ್ಚೆಗೆ ಬಂದದ್ದು ವಿಮೆಯ ಬಾಗಿಲಿನಿಂದಲ್ಲ, ಹೊಟ್ಟೆಯ ಬಾಗಿಲಿನಿಂದ. ಹಸಿದವನಿಗೆ ದುಡಿಯಲು ಬಲವಿಲ್ಲ, ಬಲವಿಲ್ಲದವನಿಗೆ ಕೂಲಿ ಸಾಲದು ಎಂಬ ಸುಳಿಯನ್ನು ಪಾರ್ಥ ದಾಸ್‌ಗುಪ್ತ ಮತ್ತು ದೇಬರಾಜ್ ರೇ 1986ರಲ್ಲಿ ಸಿದ್ಧಾಂತವಾಗಿ ಕಟ್ಟಿದರು. ಎರಡು ವರ್ಷಗಳ ನಂತರ ಅನಿಲ್ ದೇವಲಾಲಿಕರ್, ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ದಖ್ಖನ್ನಿನ ಒಣಭೂಮಿಯ ಹಳ್ಳಿಗಳಲ್ಲಿ ಕಲೆಹಾಕಿದ್ದ ಅಂಕಿಅಂಶಗಳಿಂದ ಒಂದು ಸೂಕ್ಷ್ಮ ಸಂಗತಿ ತೋರಿಸಿದರು. ಆ ದಿನ ಎಷ್ಟು ಕ್ಯಾಲೊರಿ ತಿಂದರು ಎಂಬುದಕ್ಕೂ ಕೂಲಿಗೂ ಸಂಬಂಧ ಕಾಣಲಿಲ್ಲ. ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂಬುದಕ್ಕೆ ಬಲವಾದ ಸಂಬಂಧವಿತ್ತು. ನಾಲ್ಕು ದಿನದ ಅರೆಹೊಟ್ಟೆಯನ್ನು ಮೈ ತಡೆದುಕೊಳ್ಳುತ್ತದೆ, ವರ್ಷಗಟ್ಟಲೆಯದನ್ನು ತಡೆಯದು. ಕರ್ರಿಯವರ ಬಳಗ ಬೇರೆ ದಾರಿಯಲ್ಲಿ ತಲುಪಿದ ಜಾಗವೂ ಇದರ ಆಸುಪಾಸಿನದೇ.

ಕರ್ನಾಟಕ ಇತ್ತೀಚೆಗೆ ಈ ಕ್ಷೇತ್ರಕ್ಕೆ ಒಳ್ಳೆಯ ಪ್ರಯೋಗಭೂಮಿಯಾಗಿದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಉತ್ತರದ ಜಿಲ್ಲೆಗಳಲ್ಲಿ ಮೊದಲು ಶುರುವಾಯಿತು. ಯೋಜನೆಯ ಗಡಿಯ ಎರಡೂ ಬದಿಯ 572 ಹಳ್ಳಿಗಳನ್ನು ನೀರಜ್ ಸೂದ್ ಮತ್ತು ಸಂಗಡಿಗರು ಹೋಲಿಸಿದಾಗ, ಯೋಜನೆಯಲ್ಲಿ ಚಿಕಿತ್ಸೆ ಸಿಗುವಂಥ ಕಾಯಿಲೆಗಳಿಂದ ಬಡವರಲ್ಲಿ ಆಗುವ ಸಾವು ಸುಮಾರು ಶೇ. 64ರಷ್ಟು ಕಡಿಮೆ ಕಂಡಿತು. ನನಗೆ ಇಷ್ಟು ದೊಡ್ಡ ಸಂಖ್ಯೆ ಕಂಡರೆ ಸ್ವಲ್ಪ ಅನುಮಾನ. ಏಕೆಂದರೆ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯನ್ನು ಇದೇ ರಾಜ್ಯದ 435 ಹಳ್ಳಿಗಳ 10,000ಕ್ಕೂ ಹೆಚ್ಚು ಕುಟುಂಬಗಳಲ್ಲಿ ಚೀಟಿ ಎತ್ತಿದ ಹಾಗೆ ಹಂಚಿ ನೋಡಿದಾಗ, ಜನ ಸೇರಿಕೊಂಡರು, ಆದರೆ ಆರೋಗ್ಯದ ಬಹುಪಾಲು ಸೂಚಕಗಳು ಕದಲಲಿಲ್ಲ. ಕಾರ್ಡ್ ಇದ್ದರೂ ಬಳಸಲಾಗದೆ ಹೋದವರು ಅನೇಕರು. ಮೊದಲನೆಯದು ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಚಿಕಿತ್ಸೆಗೆ, ಎರಡನೆಯದು ವರ್ಷಕ್ಕೆ 30,000 ರೂಪಾಯಿ ಮಿತಿಯ ಆಸ್ಪತ್ರೆ ಖರ್ಚಿಗೆ ಎಂಬ ವ್ಯತ್ಯಾಸವನ್ನು ಮರೆಯದೆ ಎರಡನ್ನೂ ಒಟ್ಟಿಗೆ ಓದಬೇಕು.

ದುಡಿಮೆಯ ಜಾಗವನ್ನೇ ಹೊಕ್ಕ ಅಧ್ಯಯನ ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಂ ಅವರದು. ಬೆಂಗಳೂರು ಸುತ್ತಲಿನ ಗಾರ್ಮೆಂಟ್ಸ್‌ಗಳಲ್ಲಿ ವಿದ್ಯುತ್ ಉಳಿಸಲೆಂದು ಎಲ್‌ಇಡಿ ದೀಪ ಹಾಕಿದಾಗ ಹೊಲಿಗೆ ಸಾಲುಗಳ ಶಾಖ ಸುಮಾರು 2.4 ಡಿಗ್ರಿ ಇಳಿದು, ಸೆಖೆಯ ದಿನಗಳಲ್ಲಿ ಕೆಲಸದ ದಕ್ಷತೆ ಏರಿತು. ಆ ಲಾಭವನ್ನೂ ಸೇರಿಸಿದರೆ ಹಾಕಿದ ದುಡ್ಡು ಮೂರು ವರ್ಷಕ್ಕೂ ಮೀರಿ ಕಾಯುವ ಬದಲು ಎಂಟು ತಿಂಗಳೊಳಗೆ ವಾಪಸ್. ಲೆಕ್ಕ ಚೊಕ್ಕವಾಗಿದೆ. ಆದರೆ ಇಲ್ಲಿ ಆರೋಗ್ಯವನ್ನು ಕಾಣುತ್ತಿರುವುದು ಗುರಿಗೆ ಎಷ್ಟು ಪೀಸು ಎಂಬ ಕಿಟಕಿಯಿಂದ; ತಲೆನೋವು, ಸುಸ್ತು, ಮನೆಗೆ ಹೋದ ಮೇಲಿನ ಮೈಕೈ ನೋವು ಆ ಲೆಕ್ಕಪುಸ್ತಕದಲ್ಲಿ ದಾಖಲಾಗುವುದಿಲ್ಲ.

ಇಲ್ಲಿನ ತೊಡಕು ಬಹುಮಟ್ಟಿಗೆ ಅಂಕಿಅಂಶದ್ದು. ನಮ್ಮಲ್ಲಿ ಉದ್ಯೋಗವನ್ನು ಒಂದು ಸಮೀಕ್ಷೆ ಎಣಿಸುತ್ತದೆ, ಕುಟುಂಬದ ಆರೋಗ್ಯವನ್ನು ಇನ್ನೊಂದು. ಒಬ್ಬಳೇ ಹೆಂಗಸಿನ ಕೂಲಿಯನ್ನೂ ಕಾಯಿಲೆಯನ್ನೂ ವರ್ಷಗಳುದ್ದಕ್ಕೂ ಹಿಂಬಾಲಿಸುವ ಕೆಲಸ ಅಪರೂಪ. ಮುಂಬಯಿಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017–18ರಲ್ಲಿ ಮೊದಲ ಸುತ್ತು ನಡೆಸಿದ ಲಾಸಿ ಸಮೀಕ್ಷೆ 72,000ಕ್ಕೂ ಹೆಚ್ಚು ಜನರ ಆರೋಗ್ಯ, ಕೆಲಸ, ಆದಾಯ ಮೂರನ್ನೂ ಒಟ್ಟಿಗೆ ಕೇಳುತ್ತದೆ, ಅವರನ್ನು ಮತ್ತೆ ಹುಡುಕಿ ಹೋಗುವ ಉದ್ದೇಶವೂ ಅದಕ್ಕಿದೆ. ಅದಕ್ಕೆ ಸೇರಲು ಮಾತ್ರ, ಸಂಗಾತಿಗಳನ್ನು ಬಿಟ್ಟರೆ, ವಯಸ್ಸು 45 ಆಗಿರಬೇಕು.