ಶಿರಾಡಿಯ ಕಾಡಿನ ಪೂರ್ವವೃತ್ತಾಂತ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಉಪ್ಪಿನಂಗಡಿಯನ್ನು ಬಿಟ್ಟು ನೆಲ್ಯಾಡಿಯ ಪೇಟೆಯನ್ನು ದಾಟಿದ ಮೇಲೆ, ಇಕ್ಕೆಲಗಳ ಅಡಕೆ ತೋಟಗಳೂ ರಬ್ಬರಿನ ಗುಡ್ಡಗಳೂ ಕ್ರಮೇಣ ಹಿಂದೆ ಸರಿದು, ಗುಂಡ್ಯದ ಹೊಳೆಯ ಸಮೀಪದಲ್ಲಿ ಶಿರಾಡಿ ಘಟ್ಟದ ಏರು ತೊಡಗುವಲ್ಲಿಂದ ಬೇರೆಯೇ ಬಗೆಯ ಕಾಡೊಂದು ಮೊದಲಾಗುತ್ತದೆ. ಮಾಘ ಫಾಲ್ಗುಣಗಳಲ್ಲಿ ಕೆಳಗಿನ ಗುಡ್ಡಗಳ ಮರಗಳು ಎಲೆಯುದುರಿಸಿ ಬೋಳಾಗಿ ನಿಂತಿರುವಾಗಲೂ, ಕೆಂಪುಹೊಳೆಯ ಎರಡು ದಂಡೆಗಳಲ್ಲಿಯೂ, ಆಚೆ ಬಿಸಿಲೆಯ ಕಣಿವೆಯಲ್ಲಿಯೂ, ಕುಮಾರಪರ್ವತದ ತಪ್ಪಲಿನಲ್ಲಿಯೂ ಈ ಕಾಡು ತನ್ನ ಹಸುರನ್ನು ಬಿಟ್ಟುಕೊಡುವುದಿಲ್ಲ. ಇದಕ್ಕೆ ಘಟ್ಟದ ಮಳೆಯೇ ಕಾರಣವೆಂದು ಹೇಳಿಬಿಡುವುದು ಸುಲಭ; ಆದರೆ ಆ ಉತ್ತರ ಅರ್ಧ ಮಾತ್ರ ನಿಜ. ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕು ಸುರಿಯುವ ಈ ಮಳೆಯ ಬಹುಭಾಗ ಪತ್ತನಾಜೆಯಿಂದ ಈಚೆಗಿನ ನಾಲ್ಕು ತಿಂಗಳುಗಳಲ್ಲಿಯೇ ಮುಗಿದುಹೋಗುತ್ತದೆ. ತುಲಾಮಾಸದ ಗುಡುಗಿನ ಮಳೆಯೂ ನಿಂತ ಮೇಲೆ ನಾಲ್ಕೈದು ತಿಂಗಳ ಕಾಲ ನೆಲ ಒಣಗುತ್ತಲೇ ಇರುತ್ತದೆ. ಇಷ್ಟು ದೀರ್ಘವಾದ ಒಣಗಾಲವನ್ನು ಸಹಿಸಿಕೊಂಡು ನಿತ್ಯಹರಿದ್ವರ್ಣದ ಅರಣ್ಯ ನಿಂತಿರುವುದು ಲೋಕದಲ್ಲಿ ವಿರಳ. ಬೇರೊಂದು ಹವೆಯಲ್ಲಿ, ಬೇರೊಂದು ಅಕ್ಷಾಂಶದಲ್ಲಿ ರೂಪುಗೊಂಡ ಒಂದು ವೃಕ್ಷಸಂತತಿ ಇಲ್ಲಿಗೆ ಬಂದು ನೆಲೆನಿಂತಿದೆಯೆಂದು ತಿಳಿದ ಹೊರತು ಈ ಸಂಗತಿ ಅರ್ಥವಾಗುವುದಿಲ್ಲ.

ಈ ಸೀಮೆಯ ಚರಿತ್ರೆಯನ್ನು ಬರೆಯುವವರು ಆಳುಪರಿಂದ ಮೊದಲ್ಗೊಂಡು, ವಿಜಯನಗರ ಕೆಳದಿಗಳ ಆಳಿಕೆಯನ್ನು ಹೇಳಿ, 1799ರಲ್ಲಿ ನಾಡು ಕುಂಪಣಿಯ ಕೈಸೇರಿದುದನ್ನೂ 1837ರಲ್ಲಿ ಅಮರಸುಳ್ಯದ ರೈತರು ಮಂಗಳೂರಿನವರೆಗೆ ದಂಡೆತ್ತಿ ನಡೆದುದನ್ನೂ ವಿಸ್ತರಿಸುತ್ತಾರೆ. ಅದು ಉಚಿತವೇ. ಆದರೆ ಆ ದಂಡು ಹಾದುಹೋದ ಕಾಡಿಗೂ ಒಂದು ಚರಿತ್ರೆಯುಂಟೆಂಬುದನ್ನು, ಅದು ಎಷ್ಟೋ ಹಿಂದಿನದೆಂಬುದನ್ನು ನಮ್ಮ ಶಾಲೆಗಳು ಮಕ್ಕಳಿಗೆ ಹೇಳುವುದಿಲ್ಲವೆಂಬುದು ನನಗೆ ನಿಜವಾಗಿಯೂ ವ್ಯಥೆಯ ವಿಷಯ.

ಆ ಚರಿತ್ರೆಯ ಮೊದಲ ಅಧ್ಯಾಯದಲ್ಲಿ ಘಟ್ಟವೂ ಇಲ್ಲ, ಅರಬ್ಬೀ ಸಮುದ್ರವೂ ಇಲ್ಲ. ಆಫ್ರಿಕ, ದಕ್ಷಿಣ ಅಮೆರಿಕ, ಮಡಗಾಸ್ಕರ್, ಆಸ್ಟ್ರೇಲಿಯಗಳೊಡನೆ ಭಾರತವೂ ಗೊಂಡ್ವಾನವೆಂಬ ಮಹಾಖಂಡದ ಅಂಗವಾಗಿದ್ದ ಕಾಲವದು. ಆ ಖಂಡ ಒಡೆಯುತ್ತ ಬಂದು, ಕೊನೆಗೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರಿನ ಪಾರ್ಶ್ವದಿಂದ ನಮ್ಮ ನೆಲ ಬೇರ್ಪಟ್ಟಿತು. ಮಲ್ಪೆಯ ಕಡಲಿನಲ್ಲಿ, ಸೈಂಟ್ ಮೇರಿ ದ್ವೀಪಗಳ ಮೇಲೆ, ಷಟ್ಕೋನಾಕೃತಿಯ ಕಂಬಗಳಾಗಿ ನಿಂತಿರುವ ಶಿಲೆ ಆ ಅಗಲಿಕೆಯ ಕಾಲದಲ್ಲಿ ಉಕ್ಕಿ ಆರಿದ ದ್ರವಶಿಲೆಯೆಂದು ಭೂವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಅಲ್ಲಿಗೆ ವಿಹಾರಕ್ಕೆ ಹೋಗುವ ನಮ್ಮ ಜಿಲ್ಲೆಯ ಜನ ತಾವು ಎರಡು ದೇಶಗಳು ಬೇರೆಯಾದ ಗಡಿಗಲ್ಲಿನ ಮೇಲೆ ನಿಂತಿರುವೆವೆಂದು ಅರಿತರೆ ಎಷ್ಟು ಚೆನ್ನು!

ಅಲ್ಲಿಂದ ಮುಂದೆ ಕೋಟ್ಯಂತರ ವರ್ಷಗಳ ಕಾಲ ಭಾರತ ಒಂದು ದ್ವೀಪವಾಗಿತ್ತು. ಆಲ್ಫ್ರೆಡ್ ರಸ್ಸೆಲ್ ವ್ಯಾಲೇಸನು 1880ರಲ್ಲಿ ಪ್ರಕಟಿಸಿದ ತನ್ನ ‘ಐಲೆಂಡ್ ಲೈಫ್’ ಎಂಬ ಗ್ರಂಥದಲ್ಲಿ ದ್ವೀಪಗಳನ್ನು ಎರಡು ವಿಧವಾಗಿ ವಿಂಗಡಿಸಿದನು: ಕಡಲಿನೊಳಗಿಂದಲೇ ಮೂಡಿ, ಗಾಳಿ ಅಲೆ ಹಕ್ಕಿಗಳು ತಂದಷ್ಟನ್ನೇ ಪಡೆಯುವ ದ್ವೀಪಗಳು ಒಂದು ಬಗೆ; ಖಂಡದಿಂದ ಕಳಚಿಕೊಂಡು, ಅಲ್ಲಿಯ ಜೀವಸಂಪತ್ತನ್ನು ತಮ್ಮೊಡನೆಯೇ ಒಯ್ಯುವ ದ್ವೀಪಗಳು ಇನ್ನೊಂದು ಬಗೆ. ಖಂಡಗಳು ಚಲಿಸುತ್ತವೆಂಬ ವಿಚಾರಕ್ಕೆ ಆತನ ಕಾಲದಲ್ಲಿ ಮನ್ನಣೆಯಿರಲಿಲ್ಲವಾದರೂ, ಎರಡನೆಯ ಬಗೆಗೆ ಭಾರತ ಒಂದು ದೊಡ್ಡ ನಿದರ್ಶನ. ಈ ದ್ವೀಪ ಒಂದು ಹಂತದಲ್ಲಿ ವರ್ಷಕ್ಕೆ 15 ಸೆಂಟಿಮೀಟರಿಗೂ ಹೆಚ್ಚಿನ ವೇಗದಿಂದ ಉತ್ತರಾಭಿಮುಖವಾಗಿ ಸರಿಯಿತು. ದಾರಿಯಲ್ಲಿ, 6.6 ಕೋಟಿ ವರ್ಷಗಳ ಹಿಂದೆ, ಅದರ ವಾಯವ್ಯ ಭಾಗ ಬಿರಿದು ಲಾವಾ ಪ್ರವಾಹಗಳು ಲಕ್ಷಾಂತರ ಚದರ ಕಿಲೋಮೀಟರುಗಳನ್ನು ಮುಚ್ಚಿದವು. ಬೆಳಗಾವಿಯಿಂದ ಉತ್ತರಕ್ಕೆ ಕಾಣುವ ಕಪ್ಪು ಶಿಲೆ ಅದೇ. ನಮ್ಮ ಶಿರಾಡಿ, ಸುಬ್ರಹ್ಮಣ್ಯ, ಕೊಡಗುಗಳ ಪುರಾತನ ಶಿಲೆಗಳು ಆ ಹೊದಿಕೆಯ ಹೊರಗೆ ಉಳಿದವು.

ಸಾಗಿಬಂದ ಆ ನೆಲದ ಮೇಲೆ ನಮ್ಮ ಮರಗಳ ಪೂರ್ವಜರಿದ್ದರೆಂಬುದಕ್ಕೆ ಸಾಕ್ಷಿಯೇನೆಂದು ಕೇಳಿದರೆ, ಧೂಪದ ಮರವನ್ನೇ ಮೊದಲು ಕರೆಯಬೇಕು. ಸಾಲುಧೂಪವೆಂದೂ ಬಿಳಿಧೂಪವೆಂದೂ ಕರೆಯಿಸಿಕೊಳ್ಳುವ ಈ ಮರದ ತೊಗಟೆಗೆ ಗಾಯವಾದರೆ ಹೊಂಬಣ್ಣದ ರಾಳ ಒಸರಿ ಗಟ್ಟಿಯಾಗುತ್ತದೆ. ಕೆಂಡದ ಮೇಲೆ ಹಾಕಿದರೆ ಸುಗಂಧ ಹೊಗೆಯುತ್ತದೆ. ಮಳೆಗಾಲದ ಮೊದಲಲ್ಲಿ ಇದರ ಕಾಯಿಗಳು ಉದುರುವಾಗ ಮರದಡಿಯಲ್ಲಿ ನಿಂತು ನೋಡಬೇಕು: ಕೋಳಿಮೊಟ್ಟೆಯಷ್ಟು ದಪ್ಪ, ಕಂದುಬಣ್ಣದ ಸಿಪ್ಪೆ, ಅದು ಮೂರಾಗಿ ಬಿರಿದರೆ ಒಳಗೆ ಎಣ್ಣೆ ತುಂಬಿದ ದಪ್ಪನಾದ ಬೀಜ. ಧೂಪದ ಎಣ್ಣೆಯ ವ್ಯಾಪಾರಕ್ಕಾಗಿ ಈ ಕಾಯಿಗಳನ್ನು ಆಯ್ದು ಮಾರುವುದು ಇಲ್ಲಿಯ ಹಳೆಯ ಕಸುಬು. ಬಿದ್ದ ಬೀಜ ಕಾಯುವುದಿಲ್ಲ. ಹಸಿನೆಲ ತಗುಲಿದೊಡನೆ ಮೊಳಕೆ ಬಿಡುತ್ತದೆ, ಒಣಗಿದರೆ ಸಾಯುತ್ತದೆ. ಗಾಳಿಯಲ್ಲಿ ದೂರ ಹಾರುವುದಕ್ಕೆ ಅದು ಭಾರ. ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ತೇಲಿ ಬದುಕುವ ಶಕ್ತಿಯೂ ಅದಕ್ಕಿಲ್ಲ. ಇಂಥ ಬೀಜವುಳ್ಳ ಕುಲ ಸಮುದ್ರವನ್ನು ತಾನಾಗಿ ದಾಟಲಾರದು. ಹಾಗಿದ್ದರೂ ಧೂಪದ ಸೋದರಜಾತಿಯೊಂದು ಸಿಂಹಳದಲ್ಲಿದೆ. ಸಮೀಪದ ದಾಯಾದಿಯೊಂದು ನಡುಗಡಲಿನ ಸೇಶೆಲ್ಸ್ ದ್ವೀಪಗಳಲ್ಲಿದೆ. ಧೂಪವು ಸೇರಿದ ಇಡಿಯ ಡಿಪ್ಟೆರೋಕಾರ್ಪ್ ಕುಟುಂಬಕ್ಕೆ ಹತ್ತಿರದ ಬಂಧುವಾದ ಮತ್ತೊಂದು ಕುಟುಂಬ ಮಡಗಾಸ್ಕರಿನಲ್ಲಿ ಮಾತ್ರವೇ ಬೆಳೆಯುತ್ತದೆ. ಇವುಗಳ ಬೇರುಗಳನ್ನು ಹೊದೆದುಕೊಂಡು, ಮರಕ್ಕೆ ಮಣ್ಣಿನ ಸಾರವನ್ನು ಒದಗಿಸಿ ತಾವು ಸಕ್ಕರೆಯನ್ನು ಪಡೆಯುವ ಶಿಲೀಂಧ್ರಗಳ ಸಹಜೀವನವೂ ಎರಡು ಕುಟುಂಬಗಳಲ್ಲಿ ಒಂದೇ ಬಗೆಯದು. ಮರಗಳು ಸಮುದ್ರವನ್ನು ದಾಟಲಿಲ್ಲ. ಅವು ನಿಂತ ನೆಲವೇ ಒಡೆದು ದೂರ ದೂರ ಸರಿಯಿತೆಂದು ಬಗೆದರೆ ಈ ಹಂಚಿಕೆ ಅರ್ಥವಾಗುತ್ತದೆ.

ಸಾಕ್ಷಿ ಇಷ್ಟಕ್ಕೇ ಮುಗಿಯಲಿಲ್ಲ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನದ ಲಿಗ್ನೈಟ್ ಗಣಿಯಲ್ಲಿ ಸುಮಾರು ಐದು ಕೋಟಿ ವರ್ಷಗಳ ಹಿಂದಿನ ಅಂಬರ್ ದೊರೆಯಿತು; ಅದು ಇದೇ ಕುಟುಂಬದ ಮರಗಳ ರಾಳವೆಂದು ಅದರ ರಸಾಯನವನ್ನು ಪರೀಕ್ಷಿಸಿದವರು 2010ರಲ್ಲಿ ಪ್ರಕಟಿಸಿದರು. ಇಂದು ಕುರುಚಲು ಬೆಳೆಯುವ ನಾಡಿನಲ್ಲಿ ಅಂದು ನಿತ್ಯಹಸುರಿನ ಮಳೆಕಾಡಿತ್ತು, ಏಕೆಂದರೆ ಭಾರತ ಆಗ ಭೂಮಧ್ಯರೇಖೆಯ ನೆರೆಯಲ್ಲಿ, ವರ್ಷವಿಡೀ ಮಳೆ ಬೀಳುವ ವಲಯದಲ್ಲಿತ್ತು. ಈ ಕುಟುಂಬದ ಮೂಲ ಆಫ್ರಿಕದಲ್ಲಿದ್ದು, ದಾರಿಯಲ್ಲಿದ್ದ ದ್ವೀಪಮಾಲೆಗಳ ಮುಖಾಂತರ ಅದು ಭಾರತವನ್ನು ಸೇರಿತೆಂದು, ಪರಾಗದ ಅವಶೇಷಗಳ ಆಧಾರದಿಂದ 2022ರಲ್ಲಿ ಇನ್ನೊಂದು ವಾದ ಮಂಡಿತವಾಯಿತು. ಮೂಲ ಎಲ್ಲಿಯದಾದರೂ ಭಾರತವೇ ಅದರ ವಾಹನವಾಯಿತೆಂಬುದರಲ್ಲಿ ಎರಡು ಪಕ್ಷಗಳೂ ಒಂದಾಗಿವೆ. ನಮ್ಮ ದ್ವೀಪ ಏಷ್ಯವನ್ನು ಮುಟ್ಟಿದ ಮೇಲೆ ಈ ಮರಗಳು ಪೂರ್ವಕ್ಕೆ ಹಬ್ಬಿ, ಇಂದು ಮಲಯ ಬೋರ್ನಿಯೋಗಳ ಮಹಾರಣ್ಯಗಳಲ್ಲಿ ನೂರಾರು ಜಾತಿಗಳಾಗಿ ಮೆರೆಯುತ್ತಿವೆ. ಆ ಕಡೆಯಿಂದ ಈ ಕಡೆಗೆ ಬಂದು ನಮ್ಮ ಕಾಡನ್ನು ಸೇರಿಕೊಂಡ ಕುಲಗಳೂ ಕಡಿಮೆಯಲ್ಲ. ಆದುದರಿಂದ ಶಿರಾಡಿಯ ಕಾಡಿನಲ್ಲಿ ಇರುವುದೆಲ್ಲ ಗೊಂಡ್ವಾನದ ಸಂತಾನವೆಂದು ಯಾರೂ ಭಾವಿಸಬಾರದು. ಹಳೆಯ ಒಕ್ಕಲಿನ ನಡುವೆ ಹೊಸ ಒಕ್ಕಲೂ ಕಲೆತಿದೆ. ಹಳೆಯ ಒಕ್ಕಲು ಮರಗಳಲ್ಲಿ ಮಾತ್ರವಿದೆಯೆಂದೂ ಅಲ್ಲ: 2003ರಲ್ಲಿ ಕೇರಳದ ಘಟ್ಟದಿಂದ ವರ್ಣಿತವಾದ, ಮಣ್ಣಿನೊಳಗೆ ಬಾಳುವ ನೇರಳೆ ಬಣ್ಣದ ಕಪ್ಪೆಯ ಅತ್ಯಂತ ಸಮೀಪದ ಬಂಧುಗಳು ಇರುವುದು ಸೇಶೆಲ್ಸಿನಲ್ಲಿಯೇ.

ಅನಂತರದ ಕಥೆ ಸಂಕೋಚದ ಕಥೆ. ಹಿಮಾಲಯ ಎದ್ದಿತು, ಭೂಮಿ ತಂಪಾಯಿತು, ವರ್ಷವಿಡೀ ಹಂಚಿಕೊಂಡಿದ್ದ ಮಳೆ ಋತುವಿಗೆ ಕಟ್ಟುಬಿದ್ದಿತು. ರಾಜಸ್ಥಾನ ಗುಜರಾತುಗಳ ಮಳೆಕಾಡು ಅಳಿಯಿತು. ಉಳಿದುದು ಈಶಾನ್ಯದಲ್ಲಿ ಒಂದಿಷ್ಟು, ಪಶ್ಚಿಮದ ಘಟ್ಟಗಳಲ್ಲಿ ಒಂದಿಷ್ಟು. ಪೂರ್ವಕ್ಕೆ ಬಯಲುಸೀಮೆಯ ಒಣನೆಲ, ಪಶ್ಚಿಮಕ್ಕೆ ಕಡಲು, ಇವೆರಡರ ನಡುವೆ ಸಿಕ್ಕಿಕೊಂಡ ಘಟ್ಟದ ಕಾಡು ನೆಲದ ಮೇಲಿದ್ದೂ ಎರಡನೆಯ ಬಾರಿ ದ್ವೀಪವಾಯಿತು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಉಚ್ಛ್ರಾಯದಲ್ಲಿ ಮುಂಗಾರು ದುರ್ಬಲವಾದಾಗ ಈ ಕಾಡು ಇನ್ನೂ ಕುಗ್ಗಿ, ನೀರು ಬತ್ತದ ಕಣಿವೆಗಳಲ್ಲಿ ಜೀವ ಹಿಡಿದುಕೊಂಡು, ಮಳೆ ಮರಳಿದ ಮೇಲೆ ಅಲ್ಲಿಂದ ಮತ್ತೆ ಹರಡಿತು. ಮುಂಗಾರು ದಕ್ಷಿಣಕ್ಕೆ ಮೊದಲು ಬಂದು ದಕ್ಷಿಣದಿಂದ ಕಡೆಗೆ ಹಿಂದೆಗೆಯುವುದರಿಂದ, ಕೇರಳದ ತುದಿಯಿಂದ ಉತ್ತರಕ್ಕೆ ಬಂದಂತೆಲ್ಲ ಒಣಗಾಲ ದೀರ್ಘವಾಗುತ್ತದೆ, ಜಾತಿಗಳ ಸಂಖ್ಯೆ ಇಳಿಯುತ್ತದೆ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಪಾಸ್ಕಾಲರು 1980ರ ದಶಕದಲ್ಲಿ ಘಟ್ಟಗಳ ಉದ್ದಕ್ಕೂ ಅಲೆದು, ಈ ನಿಯಮವನ್ನು ನಕ್ಷೆಗಳ ಮೇಲೆ ನಿರೂಪಿಸಿದರು.

ಅದೇ ಸಂಸ್ಥೆಯವರು ಅರಣ್ಯ ಇಲಾಖೆಯೊಡಗೂಡಿ, ಸುಬ್ರಹ್ಮಣ್ಯಕ್ಕೆ ದೂರವಲ್ಲದ ಕೊಡಗಿನ ಕಡಮಕಲ್ಲು ಮೀಸಲು ಅರಣ್ಯದ ಉಪ್ಪಂಗಳದಲ್ಲಿ ಸುಮಾರು 1990ರಿಂದ ಮರಮರವನ್ನೂ ಗುರುತಿಟ್ಟು ಅಳೆಯುತ್ತ ಬಂದಿದ್ದಾರೆ. ಅಲ್ಲಿ ಎಲ್ಲಕ್ಕಿಂತ ಮೇಲೆ ಡಿಪ್ಟೆರೋಕಾರ್ಪಸ್, ಅದರ ಕೆಳಗೆ ಧೂಪ, ಅದರ ಕೆಳಗೆ ಕಾಡುಜಾಯಿಯ ಜಾತಿ, ಎಲ್ಲಕ್ಕೂ ಕೆಳಗೆ ಹಂಬೋಲ್ಟಿಯವೆಂಬ ಸಣ್ಣ ಮರ, ಹೀಗೆ ನಾಲ್ಕು ಜಾತಿಗಳು ನಾಲ್ಕು ನೆಲೆಗಳನ್ನು ಆಳುತ್ತವೆ. ಈ ಹಂಬೋಲ್ಟಿಯದ ಕುಲ ನೈಋತ್ಯ ಭಾರತ ಸಿಂಹಳಗಳ ಹೊರಗೆ ಎಲ್ಲಿಯೂ ಇಲ್ಲ. ಅದರ ರೆಂಬೆಯನ್ನು ಹತ್ತಿರದಿಂದ ನೋಡಿದರೆ, ಗೆಣ್ಣುಗಳ ನಡುವಣ ಭಾಗ ಕೆಲವು ಮರಗಳಲ್ಲಿ ಉಬ್ಬಿ ಪೊಳ್ಳಾಗಿರುವುದು ಕಾಣುತ್ತದೆ. ಪ್ರತಿಯೊಂದಕ್ಕೂ ಒಂದು ಸೀಳುಬಾಗಿಲು, ಒಳಗೆ ಇರುವೆಗಳ ಸಂಸಾರ. ಕೆಲವು ಪೊಳ್ಳುಗಳಲ್ಲಿ ಮಣ್ಣನ್ನು ಬಿಟ್ಟು ಮರವೇರಿದ ಎರೆಹುಳುವೂ ವಾಸಿಸುತ್ತದೆ.

ಮನುಷ್ಯನ ಭಾಗ ಈ ಚರಿತ್ರೆಯಲ್ಲಿ ತೀರ ಈಚಿನದು, ಆದರೆ ಹಗುರವಾದುದಲ್ಲ. ಗುಡ್ಡದ ಜನರ ಕುಮರಿ ಬೇಸಾಯವನ್ನು ಮದರಾಸು ಸರಕಾರ 1860ರ ಸುಮಾರಿಗೆ ನಿರ್ಬಂಧಿಸಿತು. 1882ರ ಅರಣ್ಯ ಶಾಸನದಿಂದ ಕಾಡು ಮೀಸಲಾಯಿತು. ಕುಮರಿಯವನ ಕತ್ತಿಯಿಂದ ರಕ್ಷಿತವಾದ ಮರಗಳೇ ಮುಂದೆ ರೈಲಿನ ಅಡಿದಿಮ್ಮಿಗಳಾಗಿಯೂ, 1970ರ ದಶಕದಲ್ಲಿ ಪ್ಲೈವುಡ್ಡಾಗಿಯೂ ಘಟ್ಟವಿಳಿದವು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳಿಗೆ ಜೀವನೋಪಾಯವಾಗಲೆಂದು ಪುತ್ತೂರು ಸುಳ್ಯಗಳ ಅರಣ್ಯಭೂಮಿಯಲ್ಲಿ ರಬ್ಬರಿನ ತೋಪುಗಳು ಎದ್ದವು. ಕೇರಳದಿಂದ ಬಂದು ನೆಲ್ಯಾಡಿಯ ಸುತ್ತ ನೆಲೆಸಿದ ಕೃಷಿಕರೂ ಅದನ್ನೇ ಬೆಳೆದರು. ಆ ಕುಟುಂಬಗಳ ಶ್ರಮವನ್ನು ಹಳಿಯುವ ಮಾತು ನನ್ನಲ್ಲಿಲ್ಲ. ಆದರೆ ಒಂದನ್ನು ಗಮನಿಸಬೇಕು: ರಬ್ಬರು ಸಹ ಮಳೆಕಾಡಿನ ಮರವೇ, ಅಮೆಜಾನಿನದು, ನಮ್ಮ ಒಣಗಾಲ ಬಂದೊಡನೆ ಅದು ಎಲೆಯುದುರಿಸುತ್ತದೆ. ಅದರ ಬೇಲಿಯಾಚೆ ನಿಂತ ಧೂಪ ಉದುರಿಸುವುದಿಲ್ಲ. ಈ ನೆಲದ ಮೇಲಿದ್ದುಕೊಂಡೇ ವರ್ಷವಿಡೀ ಮಳೆಯ ಕಾಲದಿಂದ ಮುಂಗಾರಿನ ಕಾಲಕ್ಕೆ ಪೀಳಿಗೆ ಪೀಳಿಗೆಯಾಗಿ ಒಗ್ಗಿಬಂದ ಸಾಮರ್ಥ್ಯವದು.

ಈಗ ಮೂರನೆಯ ಬಾರಿ ದ್ವೀಪವಾಗುವ ಕಾಲ ಬಂದಿದೆ. ಹೆದ್ದಾರಿ, 1979ರಲ್ಲಿ ತೆರೆದ ರೈಲುಮಾರ್ಗ, ವಿದ್ಯುತ್ತಿನ ತಂತಿ, ನೀರಿನ ಕೊಳವೆಗಳು ಕಾಡನ್ನು ತುಂಡುತುಂಡಾಗಿ ಸೀಳಿವೆ. 2011ರಲ್ಲಿ ಮಾಧವ ಗಾಡ್ಗೀಳರ ಸಮಿತಿ ಗುಂಡ್ಯದ ಜಲವಿದ್ಯುತ್ ಯೋಜನೆ ಬೇಡವೆಂದಿತು. 2012ರಲ್ಲಿ ಪುಷ್ಪಗಿರಿ ಅಭಯಾರಣ್ಯ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇವು ಸಮಾಧಾನದ ಸಂಗತಿಗಳು. ಕೆಳಗಿನ ಊರುಗಳಲ್ಲಿ ನಾಗಬನಗಳೆಂಬ ಸಣ್ಣ ಹಸುರುಗಳು ಉಳಿದುಕೊಂಡಿವೆಯಾದರೂ, ಎಷ್ಟೋ ಬನಗಳ ಮರಗಳನ್ನು ಕಡಿದು ಕಾಂಕ್ರೀಟಿನ ಕಟ್ಟೆ ಕಟ್ಟುವುದು ಭಕ್ತಿಯ ಲಕ್ಷಣವೆಂದು ಈಚೆಗೆ ಎಣಿಕೆಯಾಗಿರುವುದು ಶೋಚನೀಯ. ನಾಗನಿಗೆ ಬೇಕಾದುದು ನೆರಳು.

ಬನದ ಅಂಚಿನಲ್ಲಿಯೋ ತೋಟಕ್ಕೆ ತಾಗಿದ ಕುಮ್ಕಿಯಲ್ಲಿಯೋ ಧೂಪವನ್ನು ನೆಡಬೇಕೆನ್ನುವವರು, ಬೀಜವನ್ನು ಕೂಡಿಟ್ಟು ಮರುವರ್ಷ ಬಿತ್ತುವ ಯೋಚನೆಯನ್ನು ಮಾಡಬಾರದು. ಜೂನಿನ ಮಳೆಗೆ ಉದುರಿದ ಕಾಯಿಯನ್ನು ಆಯ್ದ ಕೆಲವೇ ದಿನಗಳೊಳಗೆ ತೊಟ್ಟೆಯ ಮಣ್ಣಿಗೆ ಸೇರಿಸಬೇಕು. ಮೊದಲ ವರ್ಷಗಳಲ್ಲಿ ಅದಕ್ಕೆ ನೇರ ಬಿಸಿಲು ತಾಗಕೂಡದು. ದೊಡ್ಡ ಮರದ ನೆರಳಿನಲ್ಲಿ, ತರಗೆಲೆ ಗುಡಿಸದ ನೆಲದಲ್ಲಿ ನೆಟ್ಟರೆ ಅದು ಬದುಕಿಕೊಳ್ಳುತ್ತದೆ.